ಲಾರಿಯ ಮ್ಯಾಟಿನ ಕೆಳಗಿನ ನೀರು

ನಮ್ಮ ಲಾರಿಯ ಕ್ಯಾಬಿನ್ನಿಗೆ ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವ ಹಾಗಿಲ್ಲ. ನನ್ನ ಗಂಡನ ಕಾನೂನು ಅದು. ಡ್ಯಾಶ್‌ಬೋರ್ಡಿನ ಮೇಲೆ ಮುತ್ತತ್ತಿ ಆಂಜನೇಯನ ಫೋಟೊ ಇದೆ, ಅದರ ಮುಂದೆ ಊದುಬತ್ತಿ ಸಿಕ್ಕಿಸುವ ಪುಟ್ಟ ಸ್ಟ್ಯಾಂಡು ಇದೆ. ಅಷ್ಟಾದ ಮೇಲೆ ಅದು ಅವರ ಪಾಲಿಗೆ ದೇವರ ಮನೆಯೇ. ಲೋಡು ಮಾಡುವವರು, ತೋಟದ ಯಜಮಾನರು, ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟ ನೆಂಟರು, ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದೇ ಕೂತಿದ್ದಾರೆ. ನಾನಂತೂ ಬೆಳಿಗ್ಗೆ ಹತ್ತುವ ಮೊದಲೇ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಟಿನ ಹಿಂದಕ್ಕೆ ತಳ್ಳುತ್ತೇನೆ. ಈ ಕಾನೂನು ಇಲ್ಲದೆ ಹೋಗಿದ್ದರೆ ನಾನೀಗ ಹೇಳಹೊರಟಿರುವ ಸಂಗತಿ ಇನ್ನೂ ಎಷ್ಟು ಕಾಲ ಯಾರಿಗೂ ಗೊತ್ತಾಗುತ್ತಿರಲಿಲ್ಲವೋ. ಅದು ಬರಿಗಾಲಿಗೆ ಮಾತ್ರ ತಿಳಿಯುವಂಥದ್ದು.

ನಮ್ಮ ಮನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿದೆ. ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಅತ್ತೆ. ಮದ್ದೂರಿನಲ್ಲಿ ನನಗೊಂದು ಟೈಲರಿಂಗ್ ಅಂಗಡಿಯಿದೆ. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಗಂಡ ಸುತ್ತಲ ತೋಟಗಳಿಂದ ಎಳನೀರು ತುಂಬಿಕೊಂಡು ಮದ್ದೂರಿನ ಮಾರುಕಟ್ಟೆಗೆ ಹಾಕುತ್ತಾರೆ, ಆಲೆಮನೆಗಳು ನಡೆಯುವ ಕಾಲದಲ್ಲಿ ಮಂಡ್ಯಕ್ಕೆ ಬೆಲ್ಲ ಹೊಡೆಯುತ್ತಾರೆ. ಬೆಳಿಗ್ಗೆ ಹೋಗುವಾಗ ನನ್ನನ್ನು ಅಂಗಡಿಯ ಹತ್ತಿರ ಇಳಿಸಿ ಹೋಗುವುದು ರೂಢಿ. ಲಾರಿ ಹಳೆಯದು. ಈಗಿನವುಗಳ ಹಾಗೆ ಚಪ್ಪಟೆ ಮುಖದ್ದಲ್ಲ, ಮುಂದಕ್ಕೆ ಚಾಚಿದ ಮೂತಿ ಇರುವಂಥದ್ದು. ನಾವು ಕೊಳ್ಳುವಾಗಲೇ ಎರಡು ಕೈ ದಾಟಿ ಬಂದಿತ್ತು.

ಅದು ಬರುವುದಕ್ಕೆ ಮುಂಚೆ ಅವರು ಬೇರೆಯವರ ದೊಡ್ಡ ಲಾರಿಯಲ್ಲಿ ಡ್ರೈವರಾಗಿ ಲೈನಿಗೆ ಹೋಗುತ್ತಿದ್ದರು. ಲೈನು ಎಂದರೆ ರಾಜ್ಯಗಳನ್ನು ದಾಟಿ ಹೋಗುವ ಉದ್ದದ ಓಟ. ಹೋದರೆ ಹದಿನೈದು ದಿನ, ಕೆಲವು ಸಲ ತಿಂಗಳು. ಬಂದರೆ ಒಂದು ರಾತ್ರಿ ಇದ್ದು, ಬಟ್ಟೆ ಒಗೆಸಿಕೊಂಡು, ಮತ್ತೆ ಹೊರಡುವುದು. ಮದುವೆಯಾಗಿ ವರ್ಷಗಳು ಕಳೆದರೂ ಅವರಿಗೆ ಸಾರಿಗೆ ಉಪ್ಪು ಎಷ್ಟು ಬೇಕೆಂದು ನನಗೆ ಅಂದಾಜಿರಲಿಲ್ಲ. ಈ ಹಳೇ ಲಾರಿ ಬಂದ ಮೇಲೆ ಅವರು ಸಂಜೆ ಮನೆಗೆ ಬರುವ ಗಂಡಸಾದರು. ನನ್ನ ಮದುವೆ ನಡೆದದ್ದು ಛತ್ರದಲ್ಲಿ, ಶುರುವಾದದ್ದು ಲಾರಿ ಬಂದ ದಿನ ಎಂದು ಅಂಗಡಿಗೆ ಬರುವ ಹೆಂಗಸರ ಹತ್ತಿರ ತಮಾಷೆ ಮಾಡುತ್ತಿರುತ್ತೇನೆ. ಅದು ಪೂರ್ತಿ ತಮಾಷೆಯೇನಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಕೂತವಳಿಗೆ ಎಡಗಾಲಿನ ಬೆರಳುಗಳ ಕೆಳಗೆ ಮ್ಯಾಟು ತಣ್ಣಗೆ ತಾಗಿತು. ಹಿಮ್ಮಡಿ ಒತ್ತಿದರೆ ಒಳಗೆ ಪಿಚಕ್ ಎಂದ ಹಾಗೆ. ಮಳೆ ಬಿದ್ದು ಎಷ್ಟೋ ತಿಂಗಳಾಗಿತ್ತು.

"ಇಲ್ಲಿ ಒದ್ದೆ ಅದೆ ಕಣ್ರೀ" ಎಂದೆ.

"ನಿನ್ ಬಾಟ್ಲಿ ಮುಚ್ಳ ಸರ್ಯಾಗ್ ತಿರುಗ್ಸಿಲ್ಲ ನೀನು" ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ.

ಬಾಟಲಿ ಎತ್ತಿ ತೋರಿಸಿದೆ. ಕಂಠಮಟ್ಟ ತುಂಬಿತ್ತು. ಹಾಗಾದರೆ ನಿನ್ನೆಯದಿರಬೇಕು ಎಂದರು. ಮಾರನೆಯ ದಿನ ನಾನು ಬಾಟಲಿಯನ್ನೇ ತರಲಿಲ್ಲ. ಆವತ್ತೂ ಒದ್ದೆ. ಆಗ ಅವರು ನನ್ನ ಕಾಲು ಬೆವರುತ್ತದೆ ಎಂದರು. ಒಂದೇ ಕಾಲು ಬೆವರುವ ಹೆಂಗಸು ಇಡೀ ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು ಎಂದು ಬಾಯಿ ಮಾಡಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದರ ಜೊತೆಗೇ ಕುತೂಹಲವೂ ಬರುತ್ತದೆ. ಮಳೆಯಿಲ್ಲ, ಬಾಟಲಿಯಿಲ್ಲ, ಆದರೂ ನೀರಿದೆ. ಎಲ್ಲಿಂದ? ಆವತ್ತು ಒಂದು ರವಿಕೆಗೆ ಎರಡು ಬಲಗೈ ತೋಳು ಕತ್ತರಿಸಿಬಿಟ್ಟೆ.

ಭಾನುವಾರ ಇಬ್ಬರೂ ಸೇರಿ ಮ್ಯಾಟು ಎತ್ತಿದೆವು. ಮೇಲೆ ದಪ್ಪ ರಬ್ಬರು, ಅದರ ಕೆಳಗೆ ಸದ್ದು ಬರದಿರಲೆಂದು ಹಾಸಿದ ಗೋಣಿತಾಟು, ಅದರ ಕೆಳಗೆ ತಗಡು. ಗೋಣಿತಾಟನ್ನು ಎಳೆದಾಗ ಬಂದ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಹಿಂಡಿದರೆ ಕಪ್ಪು ನೀರು. ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದು ನಿಂತಿತ್ತು. ಅವರು ತೋರುಬೆರಳಿನಿಂದ ಒಂದು ಕಡೆ ಒತ್ತಿದರು, ಬೆರಳು ಸೀದಾ ಕೆಳಕ್ಕೆ ಹೋಯಿತು. ಆ ತೂತಿನಲ್ಲಿ ನಮ್ಮ ಅಂಗಳದ ಮಣ್ಣು ಕಾಣುತ್ತಿತ್ತು.

ಅವರ ಮುಖ ಇಳಿದುಹೋಯಿತು. ಯುಗಾದಿ ಕಳೆದ ಮೇಲೆ ಲಾರಿಗೆ ಎಫ್‌ಸಿ ಮಾಡಿಸಬೇಕಿತ್ತು. ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂದು ಆರ್‌ಟಿಒ ಕಚೇರಿಯವರು ನೋಡಿ ಹೇಳುವುದು ಅದು. ತಳ ಉದುರುತ್ತಿರುವ ಗಾಡಿಯನ್ನು ಯಾರು ಪಾಸು ಮಾಡುತ್ತಾರೆ? ಮಾರನೆಯ ದಿನವೇ ಮಂಡ್ಯಕ್ಕೆ ಹೊರಟೆವು, ನಾನು ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದೆ. ಅಲ್ಲಿ ಗ್ಯಾರೇಜು ನಡೆಸುವ ಭಾಯ್ ಒಬ್ಬರು ಈ ಲಾರಿಯನ್ನು ಮೊದಲಿಂದಲೂ ನೋಡಿಕೊಂಡು ಬಂದವರು. ಅವರು ಬಗ್ಗಿ ನೋಡಿ, ಮೂಸಿ, ತುಕ್ಕನ್ನು ಬೆರಳಲ್ಲಿ ಉಜ್ಜಿ ಹೇಳಿದರು.

"ತಗಡು ಕತ್ರುಸ್ಬುಟ್ಟು ಒಸದು ವೆಲ್ಡಿಂಗ್ ಮಾಡ್ಬೋದು ಕಣಪ್ಪ, ಅದೇನ್ ದೊಡ್ದಲ್ಲ. ಆದ್ರೆ ನೀರು ಬರೋ ದಾರಿ ಸಿಕ್ದೆ ಮಾಡುದ್ರೆ ಏನ್ ಸುಕ? ಒಸ ತಗಡೂ ಇಂಗೇ ಆಯ್ತದೆ. ಮೊದ್ಲು ನೀರು ಉಡುಕು."

ನನ್ನ ಗಂಡ ಸುಮ್ಮನೆ ತಲೆಯಾಡಿಸಿದರು. ವಾಪಸು ಬರುವಾಗ ಮದ್ದೂರು ದಾಟಿದ ಮೇಲೆ, ತಾವು ಮೊದಲು ಲೈನಿಗೆ ಹೋಗುತ್ತಿದ್ದ ದೊಡ್ಡ ಲಾರಿಯ ಓನರು ಫೋನು ಮಾಡಿದ್ದರು ಎಂದರು. ಅವರಿಗೆ ಲೈನಿಗೆ ಡ್ರೈವರು ಬೇಕಂತೆ.

"ಎಫ್‌ಸಿ ಒತ್ಗೆ ಇದು ಸಿಕ್ನಿಲ್ಲ ಅಂದ್ರೆ ಗುಜ್ರಿಗಾಕ್ಬುಟ್ಟು ಓಯ್ತೀನಿ ಕಣೇ. ಇನ್ನೇನ್ ಮಾಡಾದು?"

ಮತ್ತೆ ಆ ಹದಿನೈದು ದಿನಗಳು, ಮತ್ತೆ ಆ ಒಂದು ರಾತ್ರಿ. ಬೇಡ ಎಂದು ಹೇಳಲು ನನಗೆ ಬಾಯಿದೆ, ಆದರೆ ಬರೀ ಬಾಯಿಂದ ತೂತು ಮುಚ್ಚುವುದಿಲ್ಲ. ಆ ನೀರನ್ನು ನಾನೇ ಹಿಡಿಯುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಮೊದಲ ಅನುಮಾನ ಎಳನೀರಿನ ಮೇಲೆ. ಹಿಂದೆ ಲೋಡು ತುಂಬುವ ಬಾಡಿಯಲ್ಲಿ ಕಾಯಿ ಒಡೆದು ರಸ ಸೋರಿ ಕ್ಯಾಬಿನ್ನಿಗೆ ಬರುತ್ತಿರಬಹುದು ಎಂದರು ಅವರು. ಹಾಗಿದ್ದರೆ ಇರುವೆ ಎಲ್ಲಿ, ಎಂದೆ ನಾನು. ನಮ್ಮದು ಬೆಲ್ಲದ ಸೀಮೆ. ಕಾಫಿ ಲೋಟ ತೊಳೆಯದೆ ಇಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಇರುವೆ ಸಾಲು ಕಟ್ಟುತ್ತದೆ. ಸಿಹಿ ಇರುವ ಯಾವ ನೀರು ಅಲ್ಲಿ ನಿಂತಿದ್ದರೂ ಆ ಗೋಣಿತಾಟಿನಲ್ಲಿ ಇರುವೆಗಳು ಸಂಸಾರ ಹೂಡಿರುತ್ತಿದ್ದವು. ಒಂದೂ ಇರಲಿಲ್ಲ. ಇಂಜಿನ್ನಿನ ರೇಡಿಯೇಟರಿಗೆ ಹಾಕುವ ಬಣ್ಣದ ನೀರೂ ಸಿಹಿಯಂತೆ, ಹಾಗಾಗಿ ಅದನ್ನೂ ಇರುವೆಗಳೇ ಖುಲಾಸೆ ಮಾಡಿದವು. ಅಂದರೆ ಇದು ಬರೀ ನೀರು, ಕುಡಿಯುವ ನೀರಿನಂಥ ನೀರು. ಇಷ್ಟು ತಿಳಿದದ್ದಕ್ಕೇ ನನಗೆ ಬಲು ಹೆಮ್ಮೆಯಾಯಿತು.

ಎರಡನೆಯ ಸಲ ಗ್ಯಾರೇಜಿಗೆ ಹೋದಾಗ ಭಾಯ್ ಪೈಪು ಹಿಡಿದು ಲಾರಿಗೆ ನೆತ್ತಿಯಿಂದ ಕಾಲಿನವರೆಗೆ ನೀರು ಬಿಟ್ಟರು. ಬಾಗಿಲು, ಟಾಪು, ಗಾಜು ಒಂದೂ ಬಿಡಲಿಲ್ಲ. ನಾನು ಒಳಗೆ ಕೂತು ಕಣ್ಣರಳಿಸಿ ನೋಡಿದೆ. ಒಂದು ಹನಿ ಬರಲಿಲ್ಲ.

"ಗಾಡಿ ದಿನಾ ತೊಳೀತೀರಾ?" ಎಂದು ಅವರು ಕೇಳಿದರು.

"ಇಲ್ಲ ಭಾಯ್, ಯಾವಾಗ್ಲೋ ಒಂದೊಂದ್ ಭಾನ್ವಾರ ಕಾಲ್ವೆ ತಾವ" ಎಂದರು ನನ್ನ ಗಂಡ.

ಪಕ್ಕದಲ್ಲಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಬ್ಬರಿಗೂ ಅದು ಸತ್ಯವೆಂದೇ ಅನ್ನಿಸಿತ್ತು. ಭಾಯ್ ಹಳೆಯದಾಗಿದೆ ಎಂದು ಬಾಗಿಲಿನ ರಬ್ಬರು ಬದಲಾಯಿಸಿದರು, ಗಾಜಿನ ಅಂಚಿಗೆ ಅಂಟು ತುಂಬಿದರು. ಹೊಸ ಗೋಣಿತಾಟು ಹಾಸಿಕೊಂಡು ಮನೆಗೆ ಬಂದೆವು. ಮಾರನೆಯ ಬೆಳಿಗ್ಗೆ ಬರಿಗಾಲು ಇಟ್ಟೆ. ತಣ್ಣಗಿತ್ತು.

ಈ ಲಾರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಮಾಟ ಮಾಡಿಸುವವರು ಇಂಜಿನ್ನಿಗೆ ಮಾಡಿಸುತ್ತಾರೆ, ನನ್ನ ಕಾಲಡಿಗೆ ಯಾಕೆ ಮಾಡಿಸುತ್ತಾರೆ ಎಂದೆ. ಹಾಗೆ ಎದುರು ಮಾತಾಡಿದೆನೇ ಹೊರತು ಒಳಗೆ ಭಯವಾಗಿತ್ತು. ಗಂಡ ಆ ಓನರಿನ ಜೊತೆ ಫೋನಿನಲ್ಲಿ ಮಾತಾಡುವುದು ಜಾಸ್ತಿಯಾಗಿತ್ತು. ಯಾವ ರೂಟು, ಜೊತೆಗೆ ಇನ್ನೊಬ್ಬ ಡ್ರೈವರು ಇರುತ್ತಾನೋ ಇಲ್ಲವೋ ಎಂದೆಲ್ಲ ಕೇಳುತ್ತಿದ್ದರು. ಅಂಗಳದಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿದ್ದರೂ ನನಗೆ ಎಲ್ಲ ಕೇಳುತ್ತಿತ್ತು.

ಆ ವಾರ ಅವರು ಕೊಕ್ಕರೆ ಬೆಳ್ಳೂರಿನ ಕಡೆಯ ಒಂದು ತೋಟಕ್ಕೆ ಲೋಡಿಗೆ ಹೋಗಿ, ಮರದಿಂದ ಕಾಯಿ ಇಳಿಸುವುದು ತಡವಾಗಿ ಅಲ್ಲೇ ಉಳಿದುಬಿಟ್ಟರು. ಬೆಳಿಗ್ಗೆ ಬಾನೆಟ್ಟಿನ ಮೇಲೆಲ್ಲ ಕೊಕ್ಕರೆಗಳ ಹಿಕ್ಕೆ ಹೊತ್ತುಕೊಂಡು ಮದ್ದೂರಿಗೆ ಬಂದರು. ಅಂಗಡಿಯ ಮುಂದೆ ನಿಂತ ಲಾರಿಗೆ ನಾನು ಹತ್ತಿ ಮ್ಯಾಟಿನ ಕೆಳಗೆ ಕೈ ಹಾಕಿದೆ. ಒಣಗಿತ್ತು. ಅವರಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ನನಗೆ ಮಾತ್ರ ತಲೆಯೊಳಗೆ ದೀಪ ಹತ್ತಿತು. ಹೊರಗೆ ಉಳಿದರೆ ಒಣಗಿರುತ್ತದೆ, ಮನೆಯಲ್ಲಿ ಉಳಿದರೆ ನೆನೆಯುತ್ತದೆ. ಹಾಗಾದರೆ ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ.

ಟೈಲರು ಹೆಂಗಸಿನ ಹತ್ತಿರ ಸೀಮೆಸುಣ್ಣಕ್ಕೆ ಏನು ಬರ? ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡುಗಳನ್ನೆಲ್ಲ ಕುಟ್ಟಿ ಪುಡಿ ಮಾಡಿದೆ. ಸಂಜೆ ಲಾರಿ ಬಂದು ಅಂಗಳದಲ್ಲಿ ನಿಂತ ಮೇಲೆ ಮ್ಯಾಟು, ಗೋಣಿತಾಟು ತೆಗೆದು, ತಗಡಿನ ಮೇಲೆ ಆ ಪುಡಿಯನ್ನು ರಂಗೋಲಿ ಹಿಟ್ಟು ಉದುರಿಸುವ ಹಾಗೆ ತೆಳ್ಳಗೆ ಉದುರಿಸಿದೆ. ನೀರು ಎಲ್ಲಿಂದ ಬಂದರೂ ಪುಡಿಯ ಮೇಲೆ ದಾರಿ ಬಿಟ್ಟು ಹೋಗಲೇಬೇಕು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹೋಗಿ ನೋಡಿದೆ. ಪುಡಿ ಹಾಕಿದಂತೆಯೇ ಇತ್ತು. ನಿರಾಸೆಯಾಯಿತು. ಒಳಗೆ ಹೋಗಿ ರೊಟ್ಟಿ ತಟ್ಟಿ, ಬುತ್ತಿ ಕಟ್ಟಿ, ಸೀರೆ ಉಟ್ಟು, ಹೊರಡಲೆಂದು ಲಾರಿ ಹತ್ತಿದಾಗ ನೋಡುತ್ತೇನೆ, ಡ್ಯಾಶ್‌ಬೋರ್ಡಿನ ಕೆಳಗಿನ ಎಡ ಮೂಲೆಯಿಂದ ಕಡುನೀಲಿಯ ಒಂದು ಗೆರೆ ಇಳಿದು ಬಂದು ನಾನು ಕಾಲಿಡುವ ಜಾಗದಲ್ಲಿ ಹರಡಿಕೊಂಡಿದೆ.

ಅಂದರೆ ರಾತ್ರಿಯೆಲ್ಲ ಇಲ್ಲದ ನೀರು ಈ ಬುತ್ತಿ ಕಟ್ಟುವ ಹೊತ್ತಿನಲ್ಲಿ ಬಂದಿದೆ. ಗಾಡಿ ಇನ್ನೂ ಸ್ಟಾರ್ಟು ಕೂಡ ಆಗಿಲ್ಲ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವರು ಸ್ನಾನ ಮಾಡುತ್ತಾರೆ. ನಾನು ಅಡುಗೆಮನೆಯಲ್ಲಿರುತ್ತೇನೆ. ಅತ್ತೆ ಪೂಜೆ ಮಾಡುತ್ತಾರೆ. ನೋಡಿ, ಪೂಜೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೂ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಟ್ಟೆ. ಬಚ್ಚಲ ನೀರು, ಬೀದಿ ನಾಯಿ, ಪಕ್ಕದ ಮನೆಯವರ ಬೋರ್‌ವೆಲ್ಲಿನ ಪೈಪು, ಎಲ್ಲವನ್ನೂ ಅನುಮಾನಿಸಿದೆ.

ಅತ್ತೆಯ ಪೂಜೆಯ ವಿಷಯ ಹೇಳಬೇಕು. ಲಾರಿ ಬಂದ ವರ್ಷ ಅವರು ಮುತ್ತತ್ತಿಗೆ ಹೋಗಿ ಹರಕೆ ಹೊತ್ತು ಬಂದಿದ್ದರು. ದಿನಾ ಬೆಳಿಗ್ಗೆ ತಮ್ಮ ಕೈಯಾರೆ ಲಾರಿಗೆ ಮುಖ ತೊಳೆಸಿ ಹೂವಿಡುತ್ತೇನೆ ಎಂದು. ಮಗ ಮನೆಯಲ್ಲೇ ಉಳಿಯಲಿ ಎಂಬ ಹರಕೆ ಎಂದು ನಾನೂ ನನ್ನ ಗಂಡನೂ ತಿಳಿದುಕೊಂಡಿದ್ದೆವು. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅತ್ತೆ ಕುಳ್ಳಗಿದ್ದಾರೆ. ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಒರಳುಕಲ್ಲನ್ನು ಅಂಗಳಕ್ಕೆ ಉರುಳಿಸಿ ತರಿಸಿಕೊಂಡು, ಲಾರಿಯ ಮೂತಿಯ ಪಕ್ಕ ಅದರ ಮೇಲೆ ಹತ್ತಿ ನಿಂತು, ಮುಂದಿನ ಗಾಜಿಗೆ ಒಂದು ಬಕೆಟ್ಟು ನೀರು ಹುಯ್ಯುತ್ತಾರೆ, ಸೆರಗಿನಿಂದ ಒರೆಸುತ್ತಾರೆ, ಕುಂಕುಮ ಇಡುತ್ತಾರೆ. ಗಾಜಿನ ಕೆಳಗೆ, ವೈಪರು ಮಲಗುವ ತಗಡಿನ ಅಂಚಿದೆಯಲ್ಲ, ಅಲ್ಲಿ ಸಾಲಾಗಿ ಚೆಂಡುಹೂವೋ ಕನಕಾಂಬರವೋ ಜೋಡಿಸುತ್ತಾರೆ. ಜ್ವರ ಬಂದ ದಿನವೂ ಬಿಟ್ಟವರಲ್ಲ. ನಾವು ಮಾತಾಡುವುದು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. ನನ್ನ ಅಡುಗೆ, ನನ್ನ ಅಂಗಡಿ, ನನ್ನ ಬಾಯಿ ಯಾವುದೂ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ ಎಂಬುದು ಆಗಿನ ನನ್ನ ಲೆಕ್ಕವಾಗಿತ್ತು.

ಮಾರನೆಯ ಬೆಳಿಗ್ಗೆ ಬುತ್ತಿ ಕಟ್ಟುವುದನ್ನು ಬಿಟ್ಟು ಲಾರಿಯೊಳಗೆ ಹೋಗಿ ಕೂತೆ. ಮೊಬೈಲಿನ ಟಾರ್ಚು ಹಾಕಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಆ ಎಡ ಮೂಲೆಯನ್ನೇ ಕಾದೆ. ಅಲ್ಲಿ ಹೊರಗಿನ ಗಾಳಿ ಬರಲೆಂದು ಒಂದು ಚೌಕದ ಕಿಂಡಿಯಿದೆ, ಅದಕ್ಕೊಂದು ಪುಟ್ಟ ಮುಚ್ಚಳ. ಹೊರಗೆ ಒರಳುಕಲ್ಲಿನ ಮೇಲೆ ಅತ್ತೆ ಹತ್ತಿದ್ದು, ಬಕೆಟ್ಟಿನ ಹಿಡಿ ಕಿರುಗುಟ್ಟಿದ್ದು ಕೇಳಿಸಿತು. ಧಡ್ ಎಂದು ಗಾಜಿಗೆ ನೀರು ಬಿತ್ತು. ತಲೆಯೆತ್ತಿ ನೋಡಿದೆ. ಇಳಿಯುತ್ತಿರುವ ನೀರಿನ ಆಚೆ ಅತ್ತೆಯ ಮುಖ ಕಂಡಿತು. ಕಣ್ಣು ಮುಚ್ಚಿದ್ದರು, ತುಟಿ ಆಡುತ್ತಿತ್ತು. ಒಳಗೆ ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ಏನು ಹೇಳುತ್ತಿದ್ದಾರೆ ಎಂದು ಗಾಜಿನ ಒಳಗೆ ಕೇಳುವಂತಿರಲಿಲ್ಲ. ಮತ್ತೆ ಬಗ್ಗಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ಕಿಂಡಿಯ ತುಟಿಯಲ್ಲಿ ಒಂದು ಹನಿ ಮೂಡಿತು, ದಪ್ಪಗಾಯಿತು, ಇಳಿಯಿತು. ಅದರ ಹಿಂದೆ ಇನ್ನೊಂದು. ಬೆರಳಿನಲ್ಲಿ ಹಿಡಿದು ಟಾರ್ಚಿನ ಬೆಳಕಿಗೆ ಒಡ್ಡಿದೆ. ಹನಿಯೊಳಗೆ ಚೆಂಡುಹೂವಿನ ಒಂದು ಎಳೆ, ಹಳದಿಯದು, ಅಂಟಿಕೊಂಡಿತ್ತು.

ಎಷ್ಟು ದಿನದ ಹುಡುಕಾಟ, ಕೊನೆಗೂ ಸಿಕ್ಕಿತು ಎಂದು ಕುಣಿದುಬಿಡಬೇಕು ಅನ್ನಿಸಿತು. ಮರುಕ್ಷಣವೇ, ಏನು ಸಿಕ್ಕಿದೆ ಎಂಬುದು ತಿಳಿದು ತಣ್ಣಗಾದೆ. ಮಗನನ್ನು ಮನೆಯಲ್ಲಿ ಉಳಿಸಲೆಂದು ಹುಯ್ದ ನೀರೇ ಮಗನನ್ನು ಲೈನಿಗೆ ಕಳಿಸಲು ಹೊರಟಿತ್ತು. ಭಾಯ್ ಕೇಳಿದಾಗ ನಾವಿಬ್ಬರೂ ಗಾಡಿ ತೊಳೆಯುವುದಿಲ್ಲ ಎಂದಿದ್ದೆವು. ದಿನಾ ಕಣ್ಣೆದುರಿಗೆ ಒಂದು ಬಕೆಟ್ಟು ನೀರು ಬೀಳುತ್ತಿದ್ದರೂ, ಪೂಜೆಯ ನೀರನ್ನು ನಾವು ಯಾರೂ ನೀರು ಎಂದು ಲೆಕ್ಕ ಹಿಡಿದಿರಲಿಲ್ಲ.

ಗಂಡನಿಗೆ ದಾರಿಯಲ್ಲಿ ಹೇಳಿದೆ. ನಂಬಲಿಲ್ಲ. ಸೀದಾ ಮಂಡ್ಯಕ್ಕೆ ಹೋಗಿ ಭಾಯ್ ಹತ್ತಿರ ಗಾಜಿನ ಕೆಳಗಿನ ತಗಡು ಬಿಚ್ಚಿಸಿದೆವು. ಆ ತಗಡಿನಲ್ಲಿ ಗಾಳಿ ಹೋಗಲು ಸಾಲು ಸೀಳುಗಳಿವೆ. ಅದರ ಕೆಳಗೆ ತೊಟ್ಟಿಯಂಥ ಒಂದು ಜಾಗ, ಬಿದ್ದ ನೀರು ಕೆಳಗೆ ಹೋಗಲು ಎರಡು ತುದಿಗಳಲ್ಲೂ ಒಂದೊಂದು ತೂತು. ತಗಡು ಎತ್ತಿ ಮೂವರೂ ಬಗ್ಗಿ ನೋಡಿದೆವು. ತೊಟ್ಟಿಯ ತುಂಬ ಹೂವು. ಮೇಲೆ ನಿನ್ನೆಯದು, ಕೆಳಗೆ ಹೋದ ತಿಂಗಳದು, ಅದರ ಕೆಳಗೆ ಯಾವ ವರ್ಷದ್ದೋ, ಕಪ್ಪಗೆ ಗೊಬ್ಬರವಾಗಿ ಕೂತಿತ್ತು. ಬಾಳೆನಾರಿನ ಎಳೆಗಳು, ಊದುಬತ್ತಿಯ ಕಡ್ಡಿಗಳು. ಒಂದು ಮೂಲೆಯಲ್ಲಿ ಚೆಂಡುಹೂವಿನ ಬೀಜ ಮೊಳೆತು, ಬಿಸಿಲು ಕಾಣದ ಬಿಳಿ ಸಸಿಯೊಂದು ಸೀಳಿನ ಕಡೆಗೆ ಕತ್ತು ಚಾಚಿತ್ತು. ತೂತುಗಳೆರಡೂ ಮುಚ್ಚಿಹೋಗಿದ್ದವು. ಹೋಗಲು ದಾರಿಯಿಲ್ಲದ ನೀರು ತುಂಬಿ, ಗಾಳಿಯ ಕಿಂಡಿಯಿಂದ ಒಳಗೆ ಇಳಿಯುತ್ತಿತ್ತು.

"ಮತ್ತೆ ಆವತ್ತು ಪೈಪಲ್ಲಿ ಬುಟ್ಟಾಗ ಯಾಕ್ ಬರ್ನಿಲ್ಲ ಭಾಯ್?" ಎಂದು ನಾನು ಕೇಳಿದೆ. ಅದೊಂದು ನನ್ನನ್ನು ಕೊರೆಯುತ್ತಿತ್ತು.

ಅವರು ಶೆಡ್ಡಿನ ನೆಲ ನೋಡಿದರು, ನಾನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಲ್ಲಿ ನೆಲ ಮುಂದಕ್ಕೆ ಇಳಿಜಾರು, ಲಾರಿ ಮೂತಿ ತಗ್ಗಿಸಿ ನಿಂತಿರುತ್ತದೆ. ನಮ್ಮ ಅಂಗಳ ರಸ್ತೆಯಿಂದ ಮನೆಯ ಕಡೆಗೆ ತಗ್ಗು, ರಿವರ್ಸು ತೆಗೆದು ನಿಲ್ಲಿಸುವುದರಿಂದ ಮೂತಿ ಮೇಲಕ್ಕೆ. ತೊಟ್ಟಿಯ ನೀರು ಇಲ್ಲಿ ಮುಂದಕ್ಕೆ ನಿಲ್ಲುತ್ತದೆ, ಅಲ್ಲಿ ಹಿಂದಕ್ಕೆ, ಕಿಂಡಿಯ ಕಡೆಗೆ.

"ಆವತ್ತು ನಂಗೆ ಒಳೀನೇ ಇಲ್ವಲ್ಲಾ ತಂಗ್ಯವ್ವ" ಎಂದು ಭಾಯ್ ನಕ್ಕರು. ಆಮೇಲೆ ಕಾಲಿನ ಚಪ್ಪಲಿ ಪಕ್ಕಕ್ಕೆ ಬಿಟ್ಟು, ಒಂದು ಪೇಪರು ಹಾಸಿ, ಆ ಕೊಳೆತ ಹೂವನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಅದರ ಮೇಲೆ ಇಟ್ಟರು. "ಪೂಜೆ ಊವು, ತುಳಿಯೋ ತಾವ ಆಕ್ಬೇಡಿ. ಒಳೇಗೆ ಬುಡಿ" ಎಂದರು. ಬರುವಾಗ ಮದ್ದೂರಿನಲ್ಲಿ ಇಳಿದು ಶಿಂಷಾ ಹೊಳೆಗೆ ಬಿಟ್ಟೆವು. ಆ ಬಿಳಿ ಸಸಿಯನ್ನು ಮಾತ್ರ ಬಿಡಲು ಮನಸ್ಸಾಗದೆ ಅಂಗಡಿಯ ಮುಂದಿನ ಡಬ್ಬಿಯಲ್ಲಿ ನೆಟ್ಟೆ. ಅದು ಬದುಕಲಿಲ್ಲ.

ತಗಡು ಕತ್ತರಿಸಿ ಹೊಸದು ವೆಲ್ಡಿಂಗ್ ಆಯಿತು. ಎಫ್‌ಸಿಗೆ ಇನ್ನು ಭಯವಿಲ್ಲ ಎಂದು ಗಂಡ ಓನರಿಗೆ ಫೋನು ಮಾಡಿ, ಬೇರೆ ಡ್ರೈವರು ನೋಡಿಕೊಳ್ಳಿ ಎಂದರು. ಆವತ್ತು ನಾನು ಅಂಗಡಿಯಲ್ಲಿ ಯಾರ ಅಳತೆ ತೆಗೆದುಕೊಂಡರೂ ಸುಮ್ಮಸುಮ್ಮನೆ ನಗುತ್ತಿದ್ದೆ. ಆದರೆ ಒಂದು ಕೆಲಸ ಉಳಿದಿತ್ತು. ಅತ್ತೆಗೆ ಹೇಳುವುದು ಯಾರು?

"ಅವ್ವಂಗೆ ಯೋಳ್ಬೇಡ ಕಣೇ. ಸೀಳಿಗೆ ಒಂದು ಜಾಲ್ರಿ ಆಕ್ಸುದ್ರಾಯ್ತು" ಎಂದರು ಅವರು.

"ಜಾಲ್ರಿ ಊವ ತಡೀತದೆ, ನೀರ ತಡೀತದಾ? ಊವ ಕೊಳ್ತು ಜಾಲ್ರಿ ಕಟ್ಕಂಡ್ರೆ ಮತ್ತೆ ಇದೇ ಗೋಳು. ನಿಮ್ಮವ್ವ ತಾನೆ, ನೀವೇ ಯೋಳಿ."

"ನನ್ ಕೈಲಾಗಕಿಲ್ಲ. ಅರ್ಕೆ ಕಣೇ ಅದು."

ಊರೂರು ಲಾರಿ ಹೊಡೆದ ಗಂಡಸು ಒಂದು ಮಾತು ಹೇಳಲು ಹೆದರಿ ಹಿತ್ತಿಲಿಗೆ ಹೋಗಿಬಿಟ್ಟರು. ನನಗೂ ಹೆದರಿಕೆಯೇ. ಸೊಸೆ ಬಂದು ನಿಮ್ಮ ಪೂಜೆಯಿಂದ ಲಾರಿ ಹಾಳಾಯಿತು ಎಂದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಆದರೆ ನಾಳೆ ಬೆಳಿಗ್ಗೆ ಮತ್ತೆ ಬಕೆಟ್ಟು ಬೀಳುತ್ತದೆ.

ಸಂಜೆ ಅತ್ತೆ ಜಗುಲಿಯಲ್ಲಿ ಕೂತು ನಾಳೆಗೆ ಕನಕಾಂಬರ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಸೀಳು, ತೊಟ್ಟಿ, ತೂತು, ನೀಲಿ ಪುಡಿ ಎಲ್ಲ. ಹೂವು ಕಟ್ಟುವ ಕೈ ನಿಲ್ಲಲಿಲ್ಲ. ಕೊನೆಗೆ, "ಎಲ್ಲಿ ತೋರ್ಸು" ಎಂದರು. ಕಟ್ಟಿದ ಹೂವನ್ನು ಮಡಿಲಿಗೆ ಸಿಕ್ಕಿಸಿಕೊಂಡು ಎದ್ದರು, ಇಬ್ಬರೂ ಅಂಗಳಕ್ಕೆ ಹೋದೆವು. ಒರಳುಕಲ್ಲಿನ ಮೇಲೆ ಹತ್ತಿ, ನಾನು ಬಿಟ್ಟ ಟಾರ್ಚಿನ ಬೆಳಕಿನಲ್ಲಿ ಸೀಳಿಗೆ ಕಣ್ಣಿಟ್ಟು ನೋಡಿದರು, ಬೆರಳು ತೂರಿಸಿ ನೋಡಿದರು.

"ಈಟು ವರ್ಸದ್ದೂ ಇದ್ರೊಳಿಕ್ಕೇ ಓಯ್ತಿತ್ತಾ?"

"ಊಂ ಅತ್ತೆ."

"ದ್ಯಾವ್ರಿಗಿಕ್ಕುದ್ರೆ ಲಾರಿ ತಿನ್ಕತಿತ್ತು ಅನ್ನು" ಎಂದು ಗೊಣಗಿಕೊಂಡು ಕೆಳಗಿಳಿದು ಅದೇ ಕಲ್ಲಿನ ಮೇಲೆ ಕೂತರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರ ಮುಖ ಬಾಡಿತ್ತು. ಸಮಾಧಾನ ಹೇಳೋಣವೆಂದು ನಾನೇ ಬಾಯಿ ಹಾಕಿದೆ.

"ಅರ್ಕೆ ಏನೂ ಕೆಟ್ಟಿಲ್ಲ ಬುಡಿ ಅತ್ತೆ. ಎಲ್ಲಿಕ್ಕುದ್ರೂ ಆಂಜನೇಯ ನಿಮ್ ಮಗನ್ನ ಮನೇಲೇ ಮಡಗ್ತಾನೆ."

ಅತ್ತೆ ನನ್ನನ್ನು ಒಂದು ಥರ ನೋಡಿದರು, ಏನೂ ತಿಳಿಯದವಳನ್ನು ನೋಡುವ ಹಾಗೆ.

"ನನ್ ಮಗುಂಗೋಸ್ಕರ ಅಂತ ಯಾರವ್ವ ಯೋಳ್ದೋರು ನಿಂಗೆ? ಅವ್ನಿಗೇನ್ ಬಂದಿತ್ತು? ಎಲ್ಲೋದ್ರೂ ಡಾಬಾದಲ್ಲಿ ಒಟ್ಟೆ ತುಂಬ ಉಣ್ತಿದ್ದ, ಗೊರ್ಕೆ ಒಡೀತಾ ಮನೀಕತಿದ್ದ. ಉಣ್ಣದೆ ಇದ್ದೋಳು ನೀನು. ತಟ್ಟೆ ಮುಂದ್ಕಿಕ್ಕಂಡು ಬಾಗ್ಲು ನೋಡ್ತಾ ಕುಂತಿರ್ತಿದ್ದೆ, ಮುದ್ದೆ ಆರಿ ಕಲ್ಲಾಗೋಯ್ತಿತ್ತು. ನಾನು ಒಲೆ ತಾವ್ಲಿಂದ ನೋಡ್ತಿದ್ದೆ. ಈ ಉಡ್ಗಿ ಒಟ್ಟೆ ತುಂಬ ಉಣ್ಣಂಗಾಗ್ಲಿ ಕಣಪ್ಪಾ ಅಂತ ಮುತ್ತತ್ತೀಲಿ ಕೈ ಮುಗ್ದು ಬಂದೆ. ದಿನಾ ಅದ್ನೇ ಯೋಳದು ನಾನು."

ಆ ದಿನಗಳಲ್ಲಿ ನನ್ನ ಕಡೆ ಯಾರೂ ನೋಡುತ್ತಿಲ್ಲ ಎಂದೇ ನಾನು ನಂಬಿದ್ದೆ. ತಡೆಯಲಾಗದೆ ಅತ್ತುಬಿಟ್ಟೆ. ಅತ್ತೆಗೆ ಅಳು ಕಂಡರೆ ಆಗುವುದಿಲ್ಲ. ಅವರು ಮುಖ ಆ ಕಡೆ ತಿರುಗಿಸಿ, ಮಡಿಲಿನಲ್ಲಿದ್ದ ಕನಕಾಂಬರದ ಕುಚ್ಚನ್ನು ಸರಿಮಾಡಿಕೊಂಡರು.

"ಸರಿ, ಊವ ಇನ್ಮ್ಯಾಕೆ ಎಲ್ಲಿಕ್ಬೇಕು ಯೋಳು" ಎಂದರು. "ಅಲ್ಲೇ ಇಕ್ತೀನಿ."